ಡ್ಯೂಟಿ ಮೇಲಿದ್ದ ಪೈಲ್ವಾನ

ಹಳೆಯ ಔಷಧಗಳ ಜಾಹೀರಾತು ಚಿತ್ರಗಳನ್ನು ನಾನು ಕೂಡಿಡಲು ಶುರುಮಾಡಿದ್ದು ಪ್ರೀತಿಯಿಂದಲ್ಲ, ವಿರೋಧದಿಂದ. ಬೀದರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇತ್ತು. ಜಾಹೀರಾತೆಂದರೆ ಜನರಿಗೆ ಮಾಡುವ ಮೋಸ ಎಂದು ವಾದಿಸುವ ಸರದಿ ನನ್ನದು. ಸಾಕ್ಷಿ ಬೇಕಲ್ಲ ಎಂದು ಚೌಬಾರಾ ಹತ್ತಿರದ ರದ್ದಿ ಅಂಗಡಿಯಲ್ಲಿ ಕೆದಕಿ, ಅಜ್ಜಂದಿರ ಕಾಲದ ಒಂದು ರಟ್ಟಿನ ಚಿತ್ರ ತಂದೆ. ಗುಲಾಬಿ ಕೆನ್ನೆಯ ಹೆಂಗಸೊಬ್ಬಳು ಕೊಳದ ದಂಡೆಯಲ್ಲಿ ಬಾಟಲಿ ಹಿಡಿದು ಕೂತಿದ್ದಳು. ಕೆಳಗೆ ಉರ್ದು, ಮರಾಠಿಗಳಲ್ಲಿ ರೋಗಗಳ ಸಾಲು: ಅಜೀರ್ಣ, ತಲೆನೋವು, ಚೇಳಿನ ವಿಷ, ಕೂದಲು ಉದುರುವುದು, ಮನಸ್ಸಿನ ಬೇಸರ. ಎಲ್ಲಕ್ಕೂ ಅದೇ ಬಾಟಲಿ. ಇದಕ್ಕಿಂತ ದೊಡ್ಡ ಸುಳ್ಳು ಬೇಕೇ ಎಂದು ಕೇಳಿ ಚಿತ್ರವನ್ನು ತೀರ್ಪುಗಾರರ ಕೈಗೆ ಕೊಟ್ಟೆ. ಅದೇ ಎಡವಟ್ಟಾಯಿತು. ಅವರು ತಲೆಗೆ ತಲೆ ಹಚ್ಚಿ ಚಿತ್ರ ನೋಡುತ್ತ ಕೂತರು. ನನ್ನ ಉಳಿದ ವಾದ ಗೋಡೆಗೆ ಹೋಯಿತು. ಬಾಟಲಿಯ ಹೆಂಗಸು ಗೆದ್ದಳು.

ಸೋತ ಸಿಟ್ಟಿನಲ್ಲಿ ಭಾಲ್ಕಿಯ ಮನೆಗೆ ಬಂದು ಅವಳ ಮೇಲೆ ಭೂತಗನ್ನಡಿ ಹಿಡಿದೆ. ಕೆನ್ನೆ ಗುಲಾಬಿಯಾಗಿರಲಿಲ್ಲ. ಕೆಂಪು, ಹಳದಿ, ನಸುನೀಲಿ ಚುಕ್ಕೆಗಳು, ಒಂದರ ಪಕ್ಕ ಒಂದು, ಯಾರೋ ಕೈಯಿಂದ ಇಟ್ಟವು. ಆ ಕಾಲದ ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಅದರ ಮೇಲೆ ಚಿತ್ರಗಾರ ಕೂತು ಚುಕ್ಕೆ ಇಡಬೇಕು. ಒಂದು ಸುಳ್ಳಿಗಾಗಿ ಯಾರಾದರೂ ಇಷ್ಟು ಪ್ರಾಮಾಣಿಕವಾಗಿ ದುಡಿಯುತ್ತಾರೆಯೇ? ಉತ್ತರಕ್ಕಾಗಿ ಇನ್ನೊಂದು ಚಿತ್ರ ಹುಡುಕಲು ಹೊರಟೆ.

ನಮ್ಮಮ್ಮ ನರ್ಸ್. ನನ್ನ ಕೋಣೆಯ ಗೋಡೆ ತುಂಬುವುದನ್ನು ಬಾಗಿಲಲ್ಲಿ ನಿಂತು ನೋಡಿ ಅಂದಳು, “ಸಂತಿ ಔಷಧದ ಬಾಟ್ಲಿ ಕುಡದು ಬಂದವ್ರಿಗಿ ಸಲಾಯಿನ್ ಹಚ್ಚಿ ಹಚ್ಚಿ ನನ್ನ ಅರ್ಧ ನೌಕರಿ ಮುಗೀತು. ನೀ ಆ ಬಾಟ್ಲಿಗೋಳಿಗಿ ಫ್ರೇಮ್ ಹಾಕಿಸ್ಲತ್ತಿ.”

ಅದು ಬರದ ವರ್ಷ. ಬತ್ತಿದ ಮಾಂಜ್ರಾ ಹೊಳೆಯಲ್ಲಿ ದನ ಕಟ್ಟುತ್ತಿದ್ದರು. ಔರಾದ್ ಕಡೆಯ ಬಸ್ಸುಗಳು ಹಾಸಿಗೆ ಗಂಟುಗಳನ್ನು ಹೊತ್ತು ಬರುತ್ತಿದ್ದವು. ಭಾಲ್ಕಿಯಿಂದ ಮುಂದೆ ಪುಣೆಗೋ ಹೈದರಾಬಾದಿಗೋ ದಾರಿ. ಹೋಗುವ ಮುಂಚೆ ಜನ ಅಟ್ಟ ಖಾಲಿ ಮಾಡುತ್ತಿದ್ದರು, ಹಾಗಾಗಿ ರದ್ದಿಯವನಿಗೂ ನನಗೂ ಕೈತುಂಬ ಕೆಲಸ. ಹಲಬರ್ಗಾದಲ್ಲಿ ನಮ್ಮ ಚರ್ಚಿನ ಹಿರಿಯರೊಬ್ಬರ ಮನೆಯ ಹಿಟ್ಟಿನ ಡಬ್ಬಿಯ ಹಿಂದೆ ದಪ್ಪ ಮಗುವೊಂದು ಸಿಕ್ಕಿತು, ಗ್ರೈಪ್ ವಾಟರ್ ಜಾಹೀರಾತಿನ ಮಗು. ಆಮೇಲೆ ರದ್ದಿಯವನೇ ಹೇಳಿ ಕಳಿಸಿದ: ಔರಾದ್ ಕಡೆಯ ಡಾಬಕಾದ ಒಂದು ಮನೆಯಲ್ಲಿ ತಾಕತ್ತಿನ ಔಷಧದ ಪೈಲ್ವಾನ ಇದ್ದಾನೆ, ಮನೆಯವರು ಪುಣೆಗೆ ಹೊರಟಿದ್ದಾರೆ, ನನಗಂತೂ ಕೊಡಲಿಲ್ಲ, ನೀವು ಮಾತಿನವರು, ನೋಡ್ರಿ.

ಪೈಲ್ವಾನ ಬಾಗಿಲಿಗೆ ಎದುರಿನ ಗೋಡೆಯ ಮೇಲಿದ್ದ. ಕೆಂಪು ಲಂಗೋಟಿ, ಕುಡಿಮೀಸೆ, ಕಾಲಡಿಯಲ್ಲಿ ಸಿಂಹ, ಎತ್ತಿದ ಕೈಯಲ್ಲಿ ಬಾಟಲಿ. ಪಕ್ಕದ ಗೋಡೆಯಲ್ಲಿ ಬುದ್ಧ. ಮನೆಯೊಡತಿಗೆ ಅರವತ್ತರ ಹತ್ತಿರ ವಯಸ್ಸು. ನಾನು ಆಯಿ ಎಂದೇ ಕರೆದೆ. ಮಗ, ಸೊಸೆ ಮೊದಲೇ ಪುಣೆ ಸೇರಿದ್ದರು, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಅವಳೂ ಹೊರಟಿದ್ದಳು. ಚಹಾ ಕೊಟ್ಟಳು. ಪೈಲ್ವಾನನನ್ನು ಕೊಡುವುದಿಲ್ಲ ಎಂದಳು. ಅವನು ಮನೆ ಕಾಯುತ್ತಾನಂತೆ.

ನನಗೆ ಬೇಕಾದದ್ದೇ ಇದು. ಬುದ್ಧನನ್ನು ನಂಬುವವರು ಕಾಗದದ ಪೈಲ್ವಾನನನ್ನು ನಂಬುವುದು ಹೇಗೆ ಎಂದು ಶುರುಮಾಡಿದೆ.

“ನಂಬೋದು ಎಲ್ಲಿ ಬಂತು ಬೇಟಿ? ಅವನಿಗಿ ನಾ ಊದಿನಕಡ್ಡಿ ಹಚ್ಚಲ್ಲ. ಅವ ದೇವರಲ್ಲ, ಜವಾನ. ಡ್ಯೂಟಿ ಮಾಡ್ತಾನ.”

“ಕಾಗದ ಹ್ಯಾಂಗ ಡ್ಯೂಟಿ ಮಾಡ್ತದ್ರಿ? ಕಳ್ಳಗ ಗೊತ್ತಿರಲ್ಲೇನು?”

“ಕಳ್ಳ ಏನ್ ಒಯ್ತಾನ, ಈ ಒಲಿ? ನಾ ಕಳ್ಳನ ಮಾತು ಹೇಳ್ಲತ್ತಿಲ್ಲ.”

ಆಮೇಲೆ ಅವಳು ವಿಷಯ ಬಿಡಿಸಿ ಹೇಳಿದಳು. ಅವರ ಓಣಿಯಲ್ಲಿ ದುಡಿಯಲು ಹೋಗುವವರು ಪಾತ್ರೆ ಒಯ್ಯುತ್ತಾರೆ, ಹಾಸಿಗೆ ಒಯ್ಯುತ್ತಾರೆ, ಗೋಡೆಯ ಮೇಲಿನ ಪಟ ಮಾತ್ರ ಮುಟ್ಟುವುದಿಲ್ಲ. ಓಣಿಯವರು ಆಗಾಗ ಬಾಗಿಲ ಸಂದಿಯಿಂದ ಇಣುಕುತ್ತಾರೆ. ಪಟ ಇದ್ದರೆ ಬರುವವರು, ಪಟ ಇಳಿದಿದ್ದರೆ ಊರು ಬಿಟ್ಟವರು. ಊರು ಬಿಟ್ಟವರ ಮನೆಯಲ್ಲಿ ಮೊದಲು ಯಾರದೋ ತೊಗರಿ ಕಟ್ಟಿಗೆ ಬಂದು ಬೀಳುತ್ತದೆ, ಆಮೇಲೆ ಕುರಿ, ಆಮೇಲೆ ಗೋಡೆಯೇ ಹೋಗುತ್ತದೆ. ಪಕ್ಕದ ಅಂಗಳ ಅವಳ ಮೈದುನನದು. ಅವನ ಕಟ್ಟಿಗೆಯ ರಾಶಿ ಆಗಲೇ ಅವಳ ಗೋಡೆಗೆ ಬೆನ್ನು ಹಚ್ಚಿತ್ತು. ಹಿಂದೊಮ್ಮೆ ದೊಡ್ಡ ಬರದಲ್ಲಿ ಅವಳ ಅತ್ತೆ ಹೈದರಾಬಾದಿಗೆ ಹೋಗಿದ್ದಾಗಲೂ ಇದೇ ಪೈಲ್ವಾನ ನಿಂತಿದ್ದ, ಬಂದಾಗ ಮನೆ ಮನೆಯಾಗಿಯೇ ಇತ್ತು. ಬುದ್ಧ ಪಕ್ಕದ ಗೋಡೆಯಲ್ಲಿರುವುದರಿಂದ ಸಂದಿಗೆ ಕಾಣುವುದಿಲ್ಲ, ಮೇಲಾಗಿ ಅವನು ಕಣ್ಣು ಮುಚ್ಚಿಕೊಂಡಿದ್ದಾನೆ ಎಂದು ನಕ್ಕಳು.

ಒಪ್ಪಲೇಬೇಕಾದ ವಾದ. ಆದರೆ ಒಪ್ಪಿದರೆ ಚಿತ್ರ ಹೋಯಿತಲ್ಲ. ತಕ್ಷಣ ತಿದ್ದುಪಡಿ ಮಂಡಿಸಿದೆ: ಇದೇ ಪೈಲ್ವಾನ, ಇಷ್ಟೇ ಅಳತೆ, ಇದೇ ಬಣ್ಣ, ಒಂದು ನಕಲು ಮಾಡಿಸಿ ತರುತ್ತೇನೆ. ಸಂದಿಯಿಂದ ನೋಡುವವರಿಗೆ ಯಾವುದಾದರೇನು? ನಿಮ್ಮ ಮನೆ ಉಳಿಯುತ್ತದೆ, ನನ್ನ ಗೋಡೆ ತುಂಬುತ್ತದೆ. ಅವಳು ಖಾಲಿ ಲೋಟ ಎತ್ತಿಕೊಳ್ಳುತ್ತ, ತಾ ನೋಡೋಣ ಅಂದಳು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬೀದರಕ್ಕೆ ಓಡಿದೆ. ಫ್ಲೆಕ್ಸ್ ಅಂಗಡಿಯವನು ಮೀಸೆಗೆ ಇನ್ನಷ್ಟು ಕಪ್ಪು ಕೊಡಲೇ ಎಂದು ಕೇಳಿದ, ಬೇಡವೆಂದು ಗದರಿಸಿದೆ.

ಅವಳು ಹೊರಡುವ ಹಿಂದಿನ ಮಧ್ಯಾಹ್ನ ನಕಲು ಹಿಡಿದು ಹೋದೆ. ಹೊಸ ಪೈಲ್ವಾನ ಹಳೆಯವನಿಗಿಂತ ಚೊಕ್ಕವಾಗಿದ್ದ. ಕಲೆ ಇಲ್ಲ, ಗೆದ್ದಲಿಲ್ಲ. ಹಳೆಯವನನ್ನು ಇಳಿಸಲು ಅವಳು ಬಿಡಲಿಲ್ಲ. ಅವನ ಮೇಲೆಯೇ ಹೊಸಬನನ್ನು ತೂಗುಹಾಕಿಸಿ, ಕಿಟಕಿ ಮುಚ್ಚಿಸಿ, ಬಾಗಿಲೆಳೆದು, ಇಬ್ಬರೂ ಹೊರಗೆ ನಿಂತು ಸಂದಿಗೆ ಕಣ್ಣು ಹಚ್ಚಿದೆವು. ಕತ್ತಲೆ. ಗೋಡೆಯ ಮೇಲೆ ಏನೋ ಒಂದು ಕಪ್ಪಗೆ ಕಂಡಿತು, ಅಷ್ಟೇ. ಕಣ್ಣು ಹೊಂದಿಕೊಳ್ಳಲಿ ಎಂದು ನಾನು ವಾಯಿದೆ ಕೇಳಿದೆ. ಹೊಂದಿಕೊಂಡ ಮೇಲೂ ಅಷ್ಟೇ. ಒಳಗೆ ಹೋಗಿ ಹೊಸಬನನ್ನು ತೆಗೆದು ಬಂದು ಮತ್ತೆ ನೋಡಿದೆ.

ಸಂದಿಯ ಬೆಳಕಿನ ಗೆರೆ ಬಿದ್ದಲ್ಲಿ ಪೈಲ್ವಾನನ ಸೊಂಟಪಟ್ಟಿ ಮಿಂಚಿತು. ತೋಳಿನ ಕಡಗ ಮಿಂಚಿತು. ಬಾಟಲಿಯ ಮುಚ್ಚಳ ಮಿಂಚಿತು. ಕಲ್ಲಚ್ಚಿನವರು ಎಲ್ಲ ಬಣ್ಣ ಮುಗಿದ ಮೇಲೆ ಬಂಗಾರದ ಬಣ್ಣದ ಲೋಹದ ಪುಡಿ ಉದುರಿಸುತ್ತಿದ್ದರು. ಬೆಳಕು ಚೂರೇ ಇದ್ದರೂ ಅದು ಹಿಡಿಯುತ್ತದೆ. ಭೂತಗನ್ನಡಿಯಡಿ ಆ ಪುಡಿಯನ್ನು ನೂರು ಸಲ ನೋಡಿದ್ದರೂ ಅದರ ಈ ಗುಣ ನನಗೆ ಹೊಳೆದಿರಲಿಲ್ಲ. ಫ್ಲೆಕ್ಸ್ ಅಂಗಡಿಯವನ ಯಂತ್ರದಲ್ಲಿ ಬಂಗಾರವೆಂದರೆ ಒಂದು ನಮೂನೆಯ ಅರಿಶಿನ ಕೆಸರು.

“ನಿನ್ನವ ಮಲಗ್ಯಾನ ಬೇಟಿ,” ಅಂದಳು ಆಯಿ. “ಮಲಗಿದವನಿಗಿ ನಾ ಮನಿ ಬಿಟ್ಟು ಹೋಗ್ಲ್ಯಾ?”

ತೀರ್ಪುಗಾರರು ಬೇಕಾಗಲಿಲ್ಲ. ಮಲಗಿದವನನ್ನು ಸುತ್ತಿಕೊಂಡು ಬಸ್ಸು ಹತ್ತಿದೆ.

ಬೇಸಿಗೆಯಲ್ಲಿ ಔರಾದ್ ಕಡೆ ಹೋದಾಗಲೆಲ್ಲ ಡಾಬಕಾಕ್ಕೆ ಹೋಗಿ ಸಂದಿಗೆ ಕಣ್ಣು ಹಚ್ಚಿ ಬರುತ್ತಿದ್ದೆ. ಚಿತ್ರಕ್ಕೆ ಗೆದ್ದಲು ಹತ್ತಿದೆಯೋ ನೋಡಲು ಎಂದು ಅಮ್ಮನಿಗೆ ಹೇಳಿದ್ದೆ. ಒಮ್ಮೆ ಮೈದುನ ಸಿಕ್ಕಿ, ಏನ್ರಿ ನೋಡ್ಲತ್ತೀರಿ ಎಂದು ಕೇಳಿದ. ಪೈಲ್ವಾನ ಅದಾನೋ ಇಲ್ಲೋ ಅಂತ್ರಿ ಎಂದೆ. ಅವನೂ ಬಗ್ಗಿ ನೋಡಿ, ಎಲ್ಲಿ ಹೋಗ್ತಾನರಿ ಅಂದ. ಕಟ್ಟಿಗೆ ರಾಶಿ ಗೋಡೆಯಾಚೆಯೇ ಉಳಿಯಿತು.

ಮಳೆ ಬಂದ ಮೇಲೆ ಆಯಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಬಂದಳು. ಬೀಗ ತೆಗೆದು ಒಳಗೆ ಹೋದರೆ ಮನೆಯಲ್ಲಿ ಧೂಳು ಬಿಟ್ಟು ಬೇರೆ ಯಾರೂ ಸೇರಿರಲಿಲ್ಲ. ನಾನು ನನ್ನ ಅರ್ಜಿಯನ್ನು ಮತ್ತೆ ಮುಂದಿಟ್ಟೆ. ಮನೆಮಂದಿ ಪುಣೆ ಹೆಸರೆತ್ತದೆ ಸಾಲಾಗಿ ಎರಡು ವರ್ಷ ಊರಲ್ಲೇ ಉಂಡರೆ ಪೈಲ್ವಾನನಿಗೆ ರಿಟೈರ್‌ಮೆಂಟ್, ಆಗ ಒಯ್ಯಿ ಎಂದು ಆಯಿ ತೀರ್ಮಾನ ಕೊಟ್ಟಳು.

ಅಂದಿನಿಂದ ಮೃಗಶಿರಾ ಮಳೆ ಹತ್ತಿರ ಬಂದರೆ ನಾನು ದಿನಕ್ಕೆ ಎಷ್ಟೋ ಸಲ ಅಂಗಳಕ್ಕೆ ಹೋಗಿ ಔರಾದ್ ದಿಕ್ಕಿನ ಮುಗಿಲು ನೋಡುತ್ತೇನೆ. ಪ್ರಾರ್ಥನೆ ಮಾಡ್ಲತ್ತಿಯೇನು ಎಂದು ಅಮ್ಮ ಕೆಣಕುತ್ತಾಳೆ. ಇಲ್ಲ, ಗಮನಿಸುತ್ತಿದ್ದೇನೆ ಎನ್ನುತ್ತೇನೆ. ಒಂದು ವರ್ಷ ಮಳೆ ಚೆನ್ನಾಗಿ ಆಗಿದೆ. ಇನ್ನೊಂದು ಬಾಕಿ.