ಅಕ್ಕನ ತಟ್ಟೆ ಮೊದಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಹಿಂಬಾಗಿಲಲ್ಲಿ ಕೋಳಿ ಅಂಗಡಿಯವನು ಬುಟ್ಟಿ ಇಳಿಸಿ ಸೈಕಲ್ಲಿಗೆ ಒರಗಿ ನಿಂತಿದ್ದಾನೆ. ಅವನಿಗೆ ಹೊರಡುವ ಅವಸರ, ಆದರೆ ಒಳಗಿನ ಹೆಂಗಸು ಬಿಡಬೇಕಲ್ಲ! ಆಕೆ ಒಂದೊಂದೇ ಕೋಳಿಯನ್ನು ದೀಪದ ಕೆಳಗೆ ಎತ್ತಿ ಹಿಡಿದು ಮೂಸುತ್ತಾರೆ, ಎದೆಯ ಭಾಗ ಒತ್ತುತ್ತಾರೆ, ಕಾಲಿನುದ್ದಕ್ಕೂ ಹೆಬ್ಬೆರಳು ಜಾರಿಸುತ್ತಾರೆ. ನಾಲ್ಕನೆಯ ಕೋಳಿಯ ಮೊಣಕಾಲಿನ ಕೆಳಗೆ ಹೆಬ್ಬೆರಳು ನಿಂತುಬಿಡುತ್ತದೆ. ಮತ್ತೊಮ್ಮೆ ಒತ್ತುತ್ತಾರೆ. ಮುಖ ಬಿಳಿಚಿಕೊಳ್ಳುತ್ತದೆ.

"ಇದರ ಕಾಲು ಮುರಿದಿದೆ. ಬೇರೆ ಕೊಡಪ್ಪ."

"ಅಮ್ಮಾ, ಅದು ಸತ್ತೇ ಹೋಗಿದೆ. ಕಾಲು ಮುರಿದ್ರೆ ಈಗ ಅದಕ್ಕೇನು ನೋವಾಗುತ್ತಾ?"

"ಅದಕ್ಕಾಗಲ್ಲ. ಮೇಲಿರೋರಿಗೆ ಆಗುತ್ತೆ."

ಅಂಗಡಿಯವನು ಗೊಣಗುತ್ತಲೇ ಬುಟ್ಟಿಯ ತಳದಿಂದ ಇನ್ನೊಂದು ಕೋಳಿ ತೆಗೆದು ಕೊಡುತ್ತಾನೆ. ಇದು ಗೊತ್ತಿದ್ದೇ ಅವನು ದಿನಾ ಒಂದು ಹೆಚ್ಚು ತರುತ್ತಾನೆ. "ಡಾಕ್ಟ್ರು ಕೂಡ ರೋಗಿನ ಇಷ್ಟು ಹೊತ್ತು ನೋಡಲ್ಲ ಬಿಡಿ" ಎಂದು ನಗುತ್ತಾ ಸೈಕಲ್ ಏರುತ್ತಾನೆ. ಆಕೆ ನಗುವುದಿಲ್ಲ. ತೆಗೆದುಕೊಂಡ ಆರು ಕೋಳಿಗಳನ್ನೂ ಮತ್ತೆ ಮೊದಲಿನಿಂದ ಮುಟ್ಟಿ ನೋಡಲು ಶುರುಮಾಡಿರುತ್ತಾರೆ.

ಮೇಲಿರುವವರು ಎಂದರೆ ಈ ಕಟ್ಟಡದ ಎರಡು ಮಹಡಿಗಳಲ್ಲಿ ಆರೈಕೆ ಪಡೆಯುತ್ತಿರುವ ಮೂವತ್ತು ಚಿಲ್ಲರೆ ಮಂದಿ. ಎಲ್ಲರೂ ಲಕ್ವ ಹೊಡೆದವರು. ಕೆಲವರಿಗೆ ಕೈ ಏಳುವುದಿಲ್ಲ, ಕೆಲವರಿಗೆ ಮಾತು ಹೊರಡುವುದಿಲ್ಲ, ಹೆಚ್ಚುಕಡಿಮೆ ಎಲ್ಲರಿಗೂ ನುಂಗುವುದೇ ಕಷ್ಟ. ನಮ್ಮ ನಿಮ್ಮ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಕೆಮ್ಮುತ್ತೇವೆ, ಕೂಗಿಕೊಳ್ಳುತ್ತೇವೆ, ನಾಲ್ಕು ಜನರನ್ನು ಸೇರಿಸುತ್ತೇವೆ. ಇವರಲ್ಲಿ ಹಲವರಿಗೆ ಕೆಮ್ಮುವಷ್ಟು ಕಸುವೂ ಇಲ್ಲ. ಉಸಿರು ಕಟ್ಟಿದರೆ ಪಕ್ಕದ ಹಾಸಿಗೆಯವರಿಗೂ ತಿಳಿಯುವುದಿಲ್ಲ. ಅವರ ರಾತ್ರಿಯೂಟ ಈ ಹೆಂಗಸಿನ ಕೈಯಲ್ಲಿದೆ, ಮತ್ತು ಆ ಮಾತು ಆಕೆಗೆ ಒಂದು ಗಳಿಗೆಯೂ ಮರೆಯುವುದಿಲ್ಲ.

ಆಕೆಯನ್ನು ಇಲ್ಲಿ ಎಲ್ಲರೂ ಮೂಳೆಯಮ್ಮ ಎನ್ನುತ್ತಾರೆ. ಯಾಕೆ ಎಂಬುದು ಸಂಜೆ ಗೊತ್ತಾಗುತ್ತದೆ. ಬೆಳಗ್ಗೆಯ ಕೆಲಸ ಬೇರೆ: ಕೋಳಿಯ ಚರ್ಮ ಸುಲಿದು, ಕೊಬ್ಬು ತೆಗೆದು, ಇಡಿಯಾಗಿಯೇ ತೊಳೆದು ಇಡಬೇಕು. ಕತ್ತಿ ಮುಟ್ಟಿಸುವಂತಿಲ್ಲ, ಕತ್ತಿ ತಗುಲಿದರೆ ಮೂಳೆ ಚೂರಾಗುತ್ತದೆ. ಬೆಳ್ಳುಳ್ಳಿಯ ಎಸಳುಗಳನ್ನು ಸುಲಿದು ಸಣ್ಣ ಉರಿಯಲ್ಲಿ ನೀರಿನಲ್ಲೇ ಬೆಣ್ಣೆಯಾಗುವಷ್ಟು ಬೇಯಿಸುತ್ತಾರೆ. ಕಿತ್ತಳೆ, ನಿಂಬೆಗಳ ರಸ ಹಿಂಡಿ ಬಿಳಿ ಬಟ್ಟೆಯಲ್ಲಿ ಎರಡು ಸಲ ಸೋಸುತ್ತಾರೆ. ಬೀಜ ಎಂದರೂ ಅವರಿಗೆ ಭಯವೇ. ಕಿತ್ತಳೆ ಸಿಪ್ಪೆಯ ಮೇಲಿನ ಬಣ್ಣವನ್ನಷ್ಟೇ ತುರಿದು, ಒಳಗಿನ ಬಿಳಿಯನ್ನು ಕಹಿ ಎಂದು ಬಿಡುತ್ತಾರೆ. ಇವುಗಳಲ್ಲಿ ಅರ್ಧವನ್ನು ಕೋಳಿಗೆ ಸವರಿ ಫ್ರಿಜ್ಜಿನೊಳಗೆ ಸಂಜೆಯವರೆಗೆ ಇಡುವುದು. ಎಣ್ಣೆ ಎಂಬುದು ಹೆಸರಿಗೆ ಮಾತ್ರ, ಉಪ್ಪು ಚಿಟಿಕೆ. ಉಪ್ಪಿನ ಕೆಲಸವನ್ನು ನಿಂಬೆ ಮಾಡಿಕೊಡುತ್ತದೆ.

ಮೂಳೆ ತೆಗೆದ ಮಾಂಸವನ್ನೇ ಅಂಗಡಿಯಿಂದ ತರಿಸಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಮಾತೆತ್ತಿದರೆ ಮೂಳೆಯಮ್ಮ ಬೆಚ್ಚುತ್ತಾರೆ.

"ಅದಂತೂ ಬೇಡವೇ ಬೇಡ. ಯಾರೋ ತೆಗೆದಿರ್ತಾರೆ, ಮೂಳೆ ಎಲ್ಲೋ ಎಸೆದಿರ್ತಾರೆ. ಒಳಗೆ ಒಂದು ಉಳಿದಿದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು? ಮೂಳೆ ಎಲ್ಲಾ ನನ್ನ ಕಣ್ಮುಂದೆ ಬಿದ್ದಿರ್ಬೇಕು. ಆಗ್ಲೇ ನಂಗೆ ಉಸಿರು."

ಇಷ್ಟು ಹೆದರುವಂಥದ್ದು ಹಿಂದೆ ಏನಾಗಿತ್ತು? ಹೊಸದಾಗಿ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ಏನೂ ಆಗಿರಲಿಲ್ಲ. ಆಕೆ ಇಲ್ಲಿ ಒಲೆ ಹಚ್ಚಿದಂದಿನಿಂದ ಒಬ್ಬರ ಗಂಟಲಲ್ಲೂ ಏನೂ ಸಿಕ್ಕಿಕೊಂಡಿರಲಿಲ್ಲ. "ಅದೇ ನನ್ನ ಭಯ. ಏನೂ ಆಗಿಲ್ಲ, ಏನೂ ಆಗಿಲ್ಲ ಅಂತ ಕೈ ಸಡಿಲ ಆಗ್ಬಿಟ್ರೆ?" ಎನ್ನುತ್ತಾರೆ. ಹೆದರಿಕೆಯನ್ನು ಇಷ್ಟು ಜೋಪಾನವಾಗಿ ಸಾಕಿಕೊಂಡವರನ್ನು ಕಾಣುವುದು ಅಪರೂಪ. ಮನೆಯಲ್ಲಿ ಆಕೆ ಕೋಳಿ ಬೇಯಿಸುವುದೇ ಇಲ್ಲ. ಮೊಟ್ಟೆಗೆ ಮೂಳೆಯಿಲ್ಲ ಎಂದು ಮೊಟ್ಟೆ. ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳಿಗೆ ಇದೊಂದು ತಮಾಷೆ: "ಬಾಳೆಹಣ್ಣು ಕೊಟ್ರೂ ನಮ್ಮಮ್ಮ ಮೂಳೆ ಹುಡುಕ್ತಾಳೆ."

ಈ ಅಡುಗೆ ಆಕೆ ಕಲಿತದ್ದು ಅಕ್ಕನಿಂದ. ಬಸ್ ನಿಲ್ದಾಣದ ಎದುರು ಅಕ್ಕತಂಗಿಯರದು ನಾಲ್ಕು ಮೇಜಿನ ಪುಟ್ಟ ಹೋಟೆಲಿತ್ತು. ಅಕ್ಕ ಒಲೆಯ ಮುಂದೆ, ತಂಗಿ ಹೆಚ್ಚುವ ಮಣೆಯ ಮುಂದೆ. ಅಕ್ಕನದು ಬೆಂಕಿಯಂಥ ಕೋಪ. ತಂಗಿ ಹೆಚ್ಚಿದ ಈರುಳ್ಳಿ ದಪ್ಪವಾದರೆ ಸೌಟಿನ ಹಿಡಿಯಿಂದ ಬೆರಳ ಗೆಣ್ಣಿಗೆ ಟಕ್ಕನೆ ಒಂದು ಬೀಳುತ್ತಿತ್ತು. ಒಂದು ಬೆಳಗ್ಗೆ ಅಕ್ಕ ಬೆಳ್ಳುಳ್ಳಿ ಹುರಿಯುತ್ತಿದ್ದವರು ನಿಂತಲ್ಲೇ ಕುಸಿದರು. ತಂಗಿ ಅವರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂಗುತ್ತಿದ್ದರೆ ಬಾಣಲೆಯಲ್ಲಿ ಬೆಳ್ಳುಳ್ಳಿ ಸೀದು ಕರ್ರಗಾಗುತ್ತಿತ್ತು. ಸೀದ ಬೆಳ್ಳುಳ್ಳಿಯ ವಾಸನೆ ಬಂದರೆ ಮೂಳೆಯಮ್ಮನ ಕೈಕಾಲು ಈಗಲೂ ತಣ್ಣಗಾಗುತ್ತವೆ. ಅದಕ್ಕೇ ಇಲ್ಲಿ ಬೆಳ್ಳುಳ್ಳಿ ಹುರಿಯುವುದಿಲ್ಲ, ಬೇಯುತ್ತದೆ.

ಅಕ್ಕ ಈಗ ಇದೇ ಕಟ್ಟಡದ ಮೊದಲ ಮಹಡಿಯಲ್ಲಿ, ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದಾರೆ. ಬಲಗೈ ಆಡುತ್ತದೆ, ಎಡಗೈ ಆಡುವುದಿಲ್ಲ. ಮಾತೂ ಇಲ್ಲ. ಅಕ್ಕನನ್ನು ಇಲ್ಲಿ ಸೇರಿಸಿದಾಗ ಅಡುಗೆಯವರ ಜಾಗ ಖಾಲಿಯಿತ್ತು, ತಂಗಿ ಸೇರಿಕೊಂಡರು. ಸೇರಿದ ದಿನವೇ ಒಂದು ನಿಯಮವನ್ನು ತಾವೇ ಮಾಡಿಕೊಂಡರು: ದಿನಾ ಸಂಜೆ ಮೊದಲ ತಟ್ಟೆ ಹೋಗುವುದು ಅಕ್ಕನಿಗೆ. ಇದು ಮುದ್ದು ಎಂದು ಕೆಲವರು ಆಡಿಕೊಂಡದ್ದೂ ಉಂಟು.

"ಮುದ್ದೂ ಅಲ್ಲ, ಮಣ್ಣೂ ಅಲ್ಲ" ಎನ್ನುತ್ತಾರೆ ಮೂಳೆಯಮ್ಮ. "ನಮ್ಮಕ್ಕನಿಗೆ ಕೊಡೋಕೆ ಹೆದರೋ ಊಟನ ಇನ್ನೊಬ್ಬರ ಅಕ್ಕನಿಗೆ ಹೆಂಗೆ ಕೊಡ್ಲಿ?"

ಸಂಜೆಯ ಕೆಲಸ ನೋಡುವಂಥದ್ದು. ಕೋಳಿ ಬೆಂದು ಆರಿದ ಮೇಲೆ ಮೂಳೆಯಮ್ಮ ಬಿಳಿ ತಟ್ಟೆಯೊಂದನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ಮಾಂಸವನ್ನು ಬೆರಳಿನಿಂದಲೇ ಬಿಡಿಸಿ, ಸಿಕ್ಕ ಪ್ರತಿ ಮೂಳೆಯನ್ನೂ ಅದರದರ ಜಾಗದಲ್ಲಿ ಇಡುತ್ತಾ ಹೋಗುತ್ತಾರೆ. ಕತ್ತು, ರೆಕ್ಕೆ, ಪಕ್ಕೆ, ಬೆನ್ನು. ನೋಡನೋಡುತ್ತಿದ್ದಂತೆ ಮಾಂಸವೇ ಇಲ್ಲದ ಕೋಳಿಯೊಂದು ತಟ್ಟೆಯ ಮೇಲೆ ಮಲಗಿರುತ್ತದೆ. ಕೊನೆಗೆ ಬರುವುದು ಕಾಲು. ಕಾಲಿನ ದಪ್ಪ ಮೂಳೆಗೆ ಅಂಟಿಕೊಂಡು ಸೂಜಿಯಂಥ ಮೂಳೆಯೊಂದಿರುತ್ತದೆ, ಒಂದು ಕಾಲಿಗೆ ಒಂದು. ಮೂಳೆಯಮ್ಮನ ನಿದ್ದೆ ಕೆಡಿಸುವುದು ಇದೇ. ಮೆತ್ತಗೆ ಬೆಂದ ಮಾಂಸದೊಳಗೆ ಅಡಗಿ ಕೂತರೆ ಕಣ್ಣಿಗೆ ಕಾಣದು. ಎರಡೂ ಸೂಜಿ ಜಾಗಕ್ಕೆ ಬಂದ ಮೇಲೆಯೇ ಆಕೆ ಗಟ್ಟಿಯಾಗಿ "ಆಯ್ತು" ಎನ್ನುತ್ತಾರೆ. ಆ ಮಾತು ಬೀಳದೆ ಒಂದು ಎಳೆ ಮಾಂಸವೂ ಅಡುಗೆಮನೆ ದಾಟುವುದಿಲ್ಲ. ಆಮೇಲೆ ಮಾಂಸವನ್ನು ಸಣ್ಣಗೆ ಎಳೆಎಳೆಯಾಗಿ ಬಿಡಿಸಿ, ಉಳಿದ ಬೆಳ್ಳುಳ್ಳಿ ಹಿಸುಕಿ, ಬೆಂದ ನೀರು ಬೆರೆಸಿ, ಒಲೆ ಆರಿಸಿ ಸೋಸಿಟ್ಟ ಹಣ್ಣಿನ ರಸ ಸೇರಿಸಿದರೆ ಊಟ ಸಿದ್ಧ.

ಈ ಬರಹಕ್ಕೆಂದು ಚಿತ್ರ ತೆಗೆಯುವವರು ಬಂದ ಸಂಜೆಯೂ ಕೆಲಸ ಹೀಗೆಯೇ ನಡೆದಿತ್ತು. ಮೊದಲ ಕೋಳಿ. ಎಡಗಾಲಿನ ಸೂಜಿಯೊಂದು ಬಿಟ್ಟು ಎಲ್ಲ ಮೂಳೆಗಳೂ ಜಾಗಕ್ಕೆ ಬಂದಿದ್ದವು, ಬಲಗಾಲಿನ ಸೂಜಿಯೂ. ಆಗ ಚಿತ್ರದವರು, "ಅಮ್ಮಾ, ಆ ಸೂಜಿ ಮೂಳೆ ಒಂದ್ಸಲ ಎತ್ತಿ ಹಿಡೀರಿ. ಬೆಳಕಿನ ಕಡೆ. ಸ್ವಲ್ಪ ನಗಿ" ಎಂದರು. ಮೂಳೆಯಮ್ಮ ನಾಚಿದರು. ಸುತ್ತ ನಿಂತವರು ರೇಗಿಸಿದರು. ಬಲಗಾಲಿನ ಸೂಜಿಯನ್ನೇ ಎತ್ತಿ ಹಿಡಿದು ಆಕೆ ನಕ್ಕರು. ಚಿತ್ರವಾಯಿತು. ಕೈ ಇಳಿಸಿ ಮೂಳೆಯನ್ನು ತಟ್ಟೆಗಿಟ್ಟರು, ಆದರೆ ಎಡಗಾಲಿನ ಜಾಗದಲ್ಲಿ.

ಮುಂದಿನದು ಒಂದು ಗಳಿಗೆಯಲ್ಲಿ ನಡೆದುಹೋಯಿತು. ಎಡಗಾಲಿನ ಜಾಗದಲ್ಲಿ ಸೂಜಿ ಕಣ್ಣೆದುರಿಗೇ ಇತ್ತು. ಬಲಗಾಲಿನದನ್ನು ಇಟ್ಟ ನೆನಪು ಬೆರಳಲ್ಲಿತ್ತು. "ಆಯ್ತು" ಎಂದುಬಿಟ್ಟರು. ಒಂದೇ ಮೂಳೆಯನ್ನು ಎರಡು ಸಲ ಲೆಕ್ಕಕ್ಕೆ ತೆಗೆದುಕೊಂಡದ್ದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಅಕ್ಕನ ತಟ್ಟೆ ಸಿದ್ಧವಾಗಿ ಮೇಲೆ ಹೋಯಿತು.

ಚಿತ್ರದವರು ಖುಷಿಯಾಗಿ ಕ್ಯಾಮೆರಾದ ಪರದೆಯನ್ನು ಆಕೆಯ ಮುಂದೆ ಹಿಡಿದರು. ಅದರಲ್ಲಿ ಆಮೇಲೆ ತೆಗೆದ ಮೂಳೆಗಳ ಚಿತ್ರವೂ ಇತ್ತು. ಬೇರೆ ಯಾರಾದರೂ ಆಗಿದ್ದರೆ ತಮ್ಮ ಮುಖ ಹುಡುಕಿಕೊಳ್ಳುತ್ತಿದ್ದರು. ಮೂಳೆಯಮ್ಮ ನೋಡಿದ್ದು ಮೂಳೆಗಳನ್ನು. ಬಲಗಾಲಿನ ದಪ್ಪ ಮೂಳೆಯ ಪಕ್ಕದಲ್ಲಿ ಬಿಳಿ ತಟ್ಟೆ ಕಾಣುತ್ತಿತ್ತು, ಅಷ್ಟೇ.

"ಸೂಜಿ ಎಲ್ಲಿ?"

ಅದು ಕೂಗಲ್ಲ, ಕೇಳಿಸಿಯೂ ಕೇಳಿಸದಂಥ ದನಿ. ಮರುಗಳಿಗೆ ಆಕೆ ಮೆಟ್ಟಿಲ ಮೇಲಿದ್ದರು. ಒಂದು ಕಾಲಿನ ಚಪ್ಪಲಿ ಅಡುಗೆಮನೆಯ ಹೊಸ್ತಿಲಲ್ಲೇ ಬಿತ್ತು. ಆಗ ಏನು ಯೋಚಿಸಿದಿರಿ ಎಂದು ಆಮೇಲೆ ಕೇಳಿದರೆ ಹೀಗೆ ಹೇಳಿದರು: "ಕೆಮ್ಮು ಕೇಳ್ಸುತ್ತಾ ಅಂತ ಕಿವಿ ಕೊಟ್ಕೊಂಡು ಓಡ್ದೆ. ಒಂದೂ ಕೇಳ್ಸಲಿಲ್ಲ. ಮೇಲೆ ಒಂದು ಸದ್ದಿಲ್ಲ. ಅದಕ್ಕಿಂತ ಹೆದರಿಕೆ ಇನ್ನೇನಿದೆ ಹೇಳಿ."

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಅಕ್ಕ ದಿಂಬಿಗೆ ಒರಗಿ ನೆಟ್ಟಗೆ ಕೂತಿದ್ದರು. ಉಣಿಸುವ ಆಯಾ ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದಿದ್ದಳು.

"ಇವತ್ತು ಇವರದು ಭಾರಿ ಹಟ ಅಮ್ಮಾ. ಎರಡು ಚಮಚ ತಿಂದ್ರು, ಆಮೇಲೆ ಬಾಯೇ ಬಿಡ್ತಿಲ್ಲ. ಒಂದು ಗುಟುಕು ನೀರು ಕುಡಿಸಿ ನೋಡೋಣ ಅಂತ..."

"ನೀರು ಬೇಡ!"

ಲೋಟ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅಕ್ಕನ ತುಟಿ ಬಿಗಿದುಕೊಂಡಿತ್ತು. ಹಣೆಯ ಮೇಲೆ ಬೆವರಿತ್ತು. ಕಣ್ಣು ಮಾತ್ರ ಬಾಗಿಲನ್ನೇ ನೋಡುತ್ತಿತ್ತು, ತಂಗಿ ಬಂದೇ ಬರುತ್ತಾಳೆ ಎಂದು ಕಾದು ಕೂತವರ ಕಣ್ಣು. "ಅಕ್ಕಾ, ನುಂಗಬೇಡ. ಸ್ವಲ್ಪ ಬಾಯಿ ಬಿಡು, ನಾನು ಕಣೇ" ಎನ್ನುತ್ತಾ ಮೂಳೆಯಮ್ಮ ಕಿರುಬೆರಳನ್ನು ಬಲಗೆನ್ನೆಯ ಒಳಗೆ ಹಾಕಿದರು. ಒಸಡಿಗೂ ಕೆನ್ನೆಗೂ ನಡುವೆ, ನಾಲಿಗೆಯಿಂದ ಒತ್ತಿ ಹಿಡಿದ ಜಾಗದಲ್ಲಿ, ಸೂಜಿ ಮೂಳೆ ಸಿಕ್ಕಿತು.

ಅರ್ಧ ದೇಹ ಕೈಕೊಟ್ಟ ಅಕ್ಕನ ನಾಲಿಗೆ ಇನ್ನೂ ಅಡುಗೆಯವಳ ನಾಲಿಗೆಯೇ ಆಗಿತ್ತು. ಏನು ಬಂತೆಂದು ಅದಕ್ಕೆ ತಿಳಿದಿತ್ತು. ತಿಳಿದ ಮೇಲೆ ಬಿಡದೆ ಹಿಡಿದುಕೊಂಡು ಕೂತಿತ್ತು.

ಮೂಳೆಯಮ್ಮ ಅಲ್ಲೇ ನೆಲದ ಮೇಲೆ ಕುಸಿದು, ಮಂಚದ ಅಂಚು ಹಿಡಿದು ಬಿಕ್ಕಿ ಬಿಕ್ಕಿ ಅತ್ತರು. ಆಗ ಅಕ್ಕ ಬಲಗೈ ಚಾಚಿ, ಆಯಾಳ ಕೈಯಲ್ಲಿದ್ದ ಚಮಚವನ್ನು ನಿಧಾನಕ್ಕೆ ಕಿತ್ತುಕೊಂಡರು. ಅದನ್ನು ತಿರುಗಿಸಿ ಹಿಡಿದು, ತಂಗಿಯ ಬೆರಳ ಗೆಣ್ಣಿಗೆ ಟಕ್ಕನೆ ಒಂದು ಕೊಟ್ಟರು.

ಅಳುತ್ತಿದ್ದ ಮೂಳೆಯಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಆಯಾಳಿಗೆ ಏನೊಂದೂ ಅರ್ಥವಾಗಲಿಲ್ಲ.

ಕೆಳಗೆ ಬಂದ ಮೇಲೆ ಆಕೆ ಆ ಮೂಳೆಯನ್ನು ತೊಳೆದು ಬಿಳಿ ತಟ್ಟೆಯಲ್ಲಿ ಬಲಗಾಲಿನ ಜಾಗಕ್ಕೆ ಇಟ್ಟರು. ನಡೆದದ್ದನ್ನು ಅಡುಗೆಮನೆಯ ಮೇಲ್ವಿಚಾರಕರಿಗೆ ತಾವೇ ಹೇಳಿದರು. "ಮೂಳೆ ಸಿಕ್ತಲ್ಲ, ಇನ್ನೇನು, ಬಡಿಸಿಬಿಡಿ" ಎಂದು ಅವರು ಸಮಾಧಾನ ಮಾಡಿದರೂ ಕೇಳಲಿಲ್ಲ. ಉಳಿದ ಐದು ಕೋಳಿಗಳ ಮೂಳೆಯನ್ನೂ ಬಿಡಿಸಿದ ಮೇಲೆ, ಆರರ ಮಾಂಸವನ್ನೂ ಅಗಲವಾದ ಪರಾತಗಳಲ್ಲಿ ಹರವಿ, ಎಲ್ಲರ ಎದುರಿಗೆ ಎಳೆ ಎಳೆಯಾಗಿ ಮುಟ್ಟಿ ನೋಡಿದರು. ಚಿತ್ರದವರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು ಮೂಲೆಯಲ್ಲಿ ನಿಂತಿದ್ದರು. ಊಟ ತಡವಾಯಿತು. ಮೊದಲ ತಟ್ಟೆಯನ್ನು ಹಿಡಿದು ಮೂಳೆಯಮ್ಮ ತಾವೇ ಮೆಟ್ಟಿಲು ಹತ್ತಿದರು.

"ನಿಜ ಹೇಳ್ತೀನಿ, ಕೆಳಗೆ ಹೆದರಿದ್ದು ಏನೇನೂ ಅಲ್ಲ" ಎನ್ನುತ್ತಾರೆ ಆಕೆ. "ಹೆದರಿದ್ದು ಮೇಲೆ, ಚಮಚ ಎತ್ತಿದಾಗ. ಅವಳು ಬಾಯಿ ತೆಗೀದೆ ಇದ್ರೆ? ಇನ್ನು ನಿನ್ನ ಕೈ ಊಟ ಬೇಡ ಅಂತ ಮುಖ ತಿರುಗ್ಸಿದ್ರೆ? ಹಂಗೇನಾದ್ರೂ ಆಗಿದ್ರೆ ಆವತ್ತೇ ಒಲೆ ಬಿಡ್ತಿದ್ದೆ. ಮೂವತ್ತು ಜನ ಪರವಾಗಿಲ್ಲ ಅಂದ್ರೂ ಬಿಡ್ತಿದ್ದೆ."

ಅಕ್ಕ ಚಮಚವನ್ನು ನೋಡಿದರು. ತಂಗಿಯ ಮುಖ ನೋಡಿದರು. ತುಂಬ ಹೊತ್ತು ನೋಡಿದರು ಎಂದು ಆಯಾ ಹೇಳುತ್ತಾಳೆ. ಆಮೇಲೆ ಬಾಯಿ ತೆರೆದರು.

ಮೂಳೆ ಎತ್ತಿ ಹಿಡಿದು ನಗುವ ಆ ಚಿತ್ರ ಇಲ್ಲಿ ಅಚ್ಚಾಗಿಲ್ಲ. ಬೇಡ ಎಂದವರು ಮೂಳೆಯಮ್ಮ. ನಡೆದದ್ದನ್ನು ಮಾತ್ರ ಮುಚ್ಚಿಡದೆ ಬರೆಯಬೇಕು ಎಂದೂ ಅವರೇ ಹೇಳಿದರು. ಈಗ ಬಿಳಿ ತಟ್ಟೆಯ ಮುಂದೆ ಆಕೆ ಕೂತಾಗ ಅಡುಗೆಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. "ಆಯ್ತು" ಎನ್ನುವ ಮೊದಲು ಇನ್ನೊಬ್ಬರು ಬಂದು ನೋಡಬೇಕು.

ಮರುದಿನದ ಬೆಳಗಿನಲ್ಲಿ ಹಿಂಬಾಗಿಲ ದೀಪದ ಕೆಳಗೆ ಮತ್ತೆ ಅದೇ ಬುಟ್ಟಿ, ಅದೇ ಸೈಕಲ್ಲು, ಕೋಳಿಯ ಕಾಲಿನುದ್ದಕ್ಕೂ ಜಾರುವ ಅದೇ ಹೆಬ್ಬೆರಳು. ಗೆಣ್ಣಿನ ಮೇಲೆ ಚಮಚದ ಹಿಡಿ ಬಿದ್ದ ಜಾಗ ಇನ್ನೂ ಸ್ವಲ್ಪ ಕೆಂಪಗಿದೆ. ಭಯ ಕಡಿಮೆಯಾಯಿತೇ ಎಂದು ಕೇಳಿದರೆ ಮೂಳೆಯಮ್ಮ ಇಲ್ಲವೆಂದು ತಲೆಯಾಡಿಸುತ್ತಾರೆ.

"ಕಡಿಮೆ ಆಗೋದೂ ಬೇಡ. ನಂಗೇನೂ ದೊಡ್ಡ ಆಸೆ ಇಲ್ಲ. ಸಂಜೆ ಆದಾಗ ನಮ್ಮಕ್ಕ ಬಾಯಿ ತೆಗೀಬೇಕು, ಅಷ್ಟೇ."

ಹೇಳಿ, ಕೈಯಲ್ಲಿದ್ದ ಕೋಳಿಯ ಕಾಲನ್ನು ಇನ್ನೊಮ್ಮೆ ಒತ್ತಿ ನೋಡುತ್ತಾರೆ.