ಮೊಮ್ಮಗಳ ಕರಡು ಒಪ್ಪಿದರು

ಪಾಸಾಯಿತು! ನನ್ನ ಮೊಮ್ಮಗಳು ಬರೆದದ್ದು ಪಾಸಾಯಿತು! ಮಧ್ಯಾಹ್ನ ಬಾಗೇವಾಡಿಯ ತನ್ನ ಆಫೀಸಿನಿಂದ ಫೋನ್ ಮಾಡಿ, "ಮುತ್ಯಾ, ಒಪ್ಪಿದ್ರು" ಅಂದಳು. ಆಮೇಲೆ ಬರೀ ಅಳು. ನಾನೂ ಅತ್ತೆ. ಇಂಗಳೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆ ಪೇಢೆ ಹಂಚಿದೆ. ಯಾಕೆ ಅಂತ ಕೇಳಿದವರಿಗೆ ಬಿಡಿಸಿ ಹೇಳಲು ಬರಲಿಲ್ಲ, ಈಗ ಬರೀತೇನಿ.

ಸಾಲಿಗಳಿಗೆ, ಪಂಚಾಯ್ತಿಗಳಿಗೆ ನೆಟ್ ಕೊಡುವ ಆಫೀಸಿನಲ್ಲಿ ಆಕೆಗೆ ಕೆಲಸ. ಖಾಯಂ ಅಲ್ಲ. ನೆಟ್ ಹಂಚುವ ಡಬ್ಬಿಗೆ ರೌಟರ್ ಅಂತಾರೆ. ಅದರೊಳಗೆ ಕಳ್ಳರು ಹೊಗದಂಗ ಕಾಯುವುದು ಹೆಂಗ ಅಂತ ಹಳ್ಳಿ ಮಂದಿಗೆ ಬರೆದು ಕೊಡುವುದು ಆಕೆಯ ಪಾಲಿಗೆ ಬಂತು. ಬರೆದ ಕರಡು ಎರಡು ಸಲ ವಾಪಸ್ ಬಂತು. ಓದಿದವರಿಗೆ ತಿಳಿಯೋದಿಲ್ಲ ಅಂತ ಆಫೀಸಿನವರು ಅಂದರಂತೆ. ಮತ್ತೊಮ್ಮೆ ತಿರುಗಿ ಬಂದರೆ ಕೆಲಸವೇ ಹೋಗುತ್ತಿತ್ತು. ಸಾಲಿ ಕಡಿಮೆ ಕಲಿತವರ ಕೈಲಿ ಓದಿಸಿ ತಾ ಅಂದಿದ್ದರು. ನಾಲ್ಕನೇತ್ತೆಗೆ ಸಾಲಿ ಬಿಟ್ಟವನು ನಾನು ಸಿಕ್ಕೆ.

"ಪರೀಕ್ಷಾದಾಗ ಫೇಲಾದವ್ರು ಪೇಪರ್ ತಿದ್ದಾಕ ಕುಂತಾರ ನೋಡು" ಅಂದಳು ನನ್ನ ಹೆಂಡತಿ, ರೊಟ್ಟಿ ಬಡಿಯುತ್ತ.

ತಿದ್ದುವುದೇನು ಬಂತು! ಬೆರಳಿಟ್ಟು ಓದಿದೆ. "ಇದು ತಿಳೀಲಿಲ್ಲವ್ವಾ" ಅಂದಾಗೊಮ್ಮೆ ಆಕೆ ಗೆರೆ ಎಳೆದಳು. ಹಾಳೆ ತುಂಬ ಗೆರೆಯೇ ಆದವು. ಆಕೆಯ ಮುಖ ನೋಡಲಾಗಲಿಲ್ಲ. ನನಗೆ ತಿಳಿದದ್ದು ಒಂದೇ ಮಾತು: ಪಾಸ್‌ವರ್ಡ್ ಹೊರಗಿನವರಿಗೆ ಹೇಳಬೇಡಿ.

"ಇದು ಆಗೂದಲ್ಲ ಬಿಡು" ಅಂದೆ. "ಓಣಿ ಹುಡುಗ್ರು ಪಂಚಾಯ್ತಿಗಿ ರಿಸಲ್ಟ್ ನೋಡಾಕ ಬರ್ತಾವು. ನೀರ ಕೇಳಿದವ್ರಿಗಿ ಇಲ್ಲ ಅಂತಾರೇನು?"

"ಇಲ್ಲ ಅನಬೇಕು ಮುತ್ಯಾ!"

"ನಾ ಅನ್ನಂಗಿಲ್ಲ. ಈ ಊರಾಗ ಯಾರೂ ಅನ್ನಂಗಿಲ್ಲ."

ಆಕೆ ಹಾಳೆ ಮಡಚಿಟ್ಟಳು. "ಹಂಗಾರ ಮುಗೀತು."

ಹೆಂಡತಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಬಂದವ್ರನ್ನ ಪಡಸಾಲ್ಯಾಗ ಕುಂದ್ರಸ್ತೇವಿ. ಅಡಗಿಮನಿ ತನಾ ಬಿಡ್ತೇವೇನು? ನಿನ್ನ ಡಬ್ಬಿಗಿ ಪಡಸಾಲಿ ಇಲ್ಲೇನವ್ವಾ?"

ಇತ್ತು. ಬಂದವರಿಗೆ ಬೇರೆ ಪಾಸ್‌ವರ್ಡ್ ಇಡಬಹುದಂತೆ. ಅವರಿಗೆ ನೆಟ್ ಸಿಗುತ್ತದೆ, ಒಳಗಿನ ಕಂಪ್ಯೂಟರ್ ಸಿಗುವುದಿಲ್ಲ. ಆಕೆ ಅದನ್ನು ಕೊನೆಯ ಪುಟದಲ್ಲಿ ಸಣ್ಣಗೆ ಬರೆದಿದ್ದಳು. ಅದನ್ನೇ ಮುಂದಕ್ಕೆ ತಂದು, ಪಡಸಾಲೆ ಅಂತಲೇ ಹೆಸರಿಟ್ಟು, ಎಲ್ಲ ಮತ್ತೆ ಬರೆದಳು. "ನಗತಾರ ಮುತ್ಯಾ" ಅಂತ ಅನ್ನುತ್ತಲೇ ಕಳಿಸಿದಳು.

ದಿನ ಕಳೆದರೂ ಆಫೀಸಿನಿಂದ ಉತ್ತರ ಬರಲಿಲ್ಲ. ಮುದ್ದೇಬಿಹಾಳಕ್ಕೆ ಹೋಗಿ ಅಂಗಡಿಯೊಂದರಲ್ಲಿ ಕೆಲಸ ಕೇಳಿದಳು, ಅಲ್ಲೂ ಇಲ್ಲ. ನನ್ನ ಮಾತಿನಿಂದಲೇ ಕೆಟ್ಟಿತು ಅಂತ ನಾನು ಆಕೆಯ ಎದುರು ಕೂಡುವುದನ್ನೇ ಬಿಟ್ಟೆ. ಅಂಥದ್ದರಲ್ಲಿ ಇವತ್ತು ಆ ಫೋನು!

ಖಾಯಂ ಇನ್ನೂ ಮಾಡಿಲ್ಲ, ಮಾಡ್ತಾರೆ ಅಂತ ನಂಬಿಕೆಯೂ ಇಲ್ಲ. ಇರಲಿ. ಸಂಜೆ ಮಗ, ಸೊಸೆ, ನಾವಿಬ್ಬರು, ಆಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಹೂರಣದ ಹೋಳಿಗೆ, ಕಟ್ಟಿನ ಸಾರು. ಹೆಂಡತಿ ಆಕೆಯ ತಾಟಿಗೆ ತುಪ್ಪ ಸುರಿದೇ ಸುರಿದಳು.

"ಸಾಕು ಆಯಿ!"

"ಸುಮ್ನ ಉಣ್ಣ."

ಉಂಡಳು.