ನಾನೂರ ಹನ್ನೆರಡು ಗೆಳೆಯರೂ ಒಂದು ಬ್ಯಾರನ್ನೂ

ಕಂಪಲಾಪುರದ ಚಲುವರಾಜುವಿಗೆ 2007ರ ಆಗಸ್ಟ್ ಹೊತ್ತಿಗೆ ಎರಡೆಕರೆ ಹೊಗೆಸೊಪ್ಪು, ಅದನ್ನು ಬೆಂಕಿಯ ಕಾವಿನಲ್ಲಿ ಬೇಯಿಸಿ ಒಣಗಿಸಲು ಬ್ಯಾರನ್ ಎನ್ನುವ ಒಂದು ಮನೆ, ಇಂಟರ್ನೆಟ್ಟಿನ ಗೆಳೆತನದ ತಾಣ ಆರ್ಕುಟ್‌ನಲ್ಲಿ ನಾನೂರ ಹನ್ನೆರಡು ಮಂದಿ ಗೆಳೆಯರು ಇದ್ದರು. ಮೊದಲೆರಡರ ವಿಷಯ ಕೇಳಿದರೆ ಹೇಳುತ್ತಿದ್ದ. ಮೂರನೆಯದನ್ನು ಕೇಳದಿದ್ದರೂ ಹೇಳುತ್ತಿದ್ದ.

ಆರ್ಕುಟ್‌ನಲ್ಲಿ ಒಬ್ಬರನ್ನೊಬ್ಬರು ಹೊಗಳಿ ನಾಲ್ಕು ಸಾಲು ಬರೆಯುವ ಪದ್ಧತಿಯಿತ್ತು, ಟೆಸ್ಟಿಮೋನಿಯಲ್ ಎನ್ನುತ್ತಿದ್ದರು. ಅವರು ಬರೆದರೆ ನೀವೂ ಬರೆಯಬೇಕು. ಚಲುವರಾಜುವಿಗೆ ಇದನ್ನು ಯಾರೂ ಕಲಿಸಬೇಕಾಗಲಿಲ್ಲ. ಊರಿನಲ್ಲಿ ಇದೇ ಮುಯ್ಯಾಳು: ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು, ನಡುವೆ ಕೂಲಿಯ ಮಾತಿಲ್ಲ. ಮೂರನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತ ಮುದ್ದಯ್ಯನಿಗೂ ಅವನಿಗೂ ಹನ್ನೊಂದು ವರ್ಷದಿಂದ ಮುಯ್ಯಿ ನಡೆದಿತ್ತು.

"ನಾಳೆ ನಮ್ ಬ್ಯಾರನ್ ತುಂಬ್ತೀವಿ, ಬತ್ತೀಯಾ?" ಎಂದು ಮುದ್ದಯ್ಯ ಸೋಮವಾರ ಕೇಳಿದ.

"ಬತ್ತೀನಿ ಬುಡ್ಲಾ, ಅದನ್ನೂ ಕೇಳ್ಬೇಕಾ."

ಮಂಗಳವಾರ ಅವನು ಪಿರಿಯಾಪಟ್ಟಣದ ಬ್ರೌಸಿಂಗ್ ಸೆಂಟರಿನಲ್ಲಿದ್ದ. ಶಿವಮೊಗ್ಗದ ಶಾಂತಲಾ ಎಂಬಾಕೆ ಅವನನ್ನು ಹೊಗಳಿ ಬರೆದು ವಾರವಾಗಿತ್ತು. ಆ ಮುಯ್ಯಿ ತೀರಿಸದೆ ಇಟ್ಟುಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಕಣ್ಣಾರೆ ಕಾಣದ ಆಕೆಯನ್ನು 'ಕಷ್ಟಕಾಲದಲ್ಲಿ ಕೈಬಿಡದ ಗೆಳತಿ' ಎಂದು ಬಣ್ಣಿಸಲು ಎರಡು ಗಂಟೆ ಹಿಡಿಯಿತು. ಆ ಹೊತ್ತಿಗೆ ಮುದ್ದಯ್ಯನೂ ಹೆಂಡತಿ ಯಶೋದಮ್ಮನೂ ಬಗ್ಗಿದ ಸೊಂಟ ಎತ್ತದೆ ಸೊಪ್ಪು ಕಟ್ಟುತ್ತಿದ್ದರು. ಚಲುವರಾಜುವಿಗೆಂದು ಎತ್ತಿಟ್ಟಿದ್ದ ಊಟವನ್ನು ಕೋಳಿಗಳು ತಿಂದವು.

ಶುಕ್ರವಾರ ಚಲುವರಾಜುವಿನ ಸರದಿ. ಕಿತ್ತ ಸೊಪ್ಪನ್ನು ಅದೇ ದಿನ ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿಗೆ ಏರಿಸದಿದ್ದರೆ ರಾಶಿಯೊಳಗೇ ಬಿಸಿಯಾಗಿ ಕಪ್ಪಾಗುತ್ತದೆ. ಹತ್ತು ಗಂಟೆಗೆ ಕಿತ್ತು ಮುಗಿಯಿತು. ಮುದ್ದಯ್ಯ ಬರಲಿಲ್ಲ.

"ಹೋಗಿ ಕರ್ಕೊಂಡ್ ಬಾ," ಎಂದರು ತಾಯಿ ಚಿಕ್ಕಮಾದಮ್ಮ.

"ಯಾಕವ್ವ? ಮೈಸೂರ್ ಜಿಲ್ಲೇಲೇ ನನ್ ಫ್ರೆಂಡ್ಸು ಅರವತ್ ಜನ ಅವ್ರೆ. ನೆನ್ನೇನೇ ಎಲ್ರುಗೂ ಬನ್ನಿ ಅಂತ ಬರ್ದಿವ್ನಿ."

"ಅರವತ್ ಜನುಕ್ಕೆ ಅಕ್ಕಿ ಎಲ್ಲದ್ಲಾ?"

ಒಬ್ಬರೂ ಕಾಣದಿದ್ದಾಗ ಉತ್ತರ ನೋಡಲು ಪಿರಿಯಾಪಟ್ಟಣದ ಬಸ್ಸು ಹತ್ತಿದ. ಉತ್ತರಗಳೇನೋ ಬಂದಿದ್ದವು, ಹತ್ತೊಂಬತ್ತು. ಹುಣಸೂರಿನವನು ಆಲ್ ದಿ ಬೆಸ್ಟ್ ಎಂದಿದ್ದ. ಕೆ.ಆರ್. ನಗರದವಳು ಫೋಟೋ ಹಾಕಿ ಎಂದಿದ್ದಳು. ಎಚ್.ಡಿ. ಕೋಟೆಯ ಒಬ್ಬ, ತಾನೂ ಹೊಗೆಸೊಪ್ಪಿನವನೇ, ತನ್ನ ಬ್ಯಾರನ್ ತುಂಬಲು ಭಾನುವಾರ ನಾಲ್ಕು ಜನರನ್ನು ಕರೆತರಬೇಕೆಂದು ಕೋರಿದ್ದ. ಚಲುವರಾಜು ಎಲ್ಲರಿಗೂ ಥ್ಯಾಂಕ್ಸ್ ಬರೆದೇ ಎದ್ದ.

ಊರಿಗೆ ಬಂದು ರಾಶಿಯೊಳಗೆ ಕೈಯಿಟ್ಟ. ಆಗ ತಾನೇ ತಿರುವಿದ ಮುದ್ದೆಯಷ್ಟು ಬಿಸಿ. ಸೀದಾ ಮುದ್ದಯ್ಯನ ಮನೆಗೆ ಓಡಿದ.

"ಬಸ್ಸು ಲೇಟಾ?" ಮುದ್ದಯ್ಯ ಜಗುಲಿಯಿಂದ ಏಳಲಿಲ್ಲ.

"ಯಾವ ಬಸ್ಸು?"

"ನಿನ್ ಅರವತ್ ಜನುದ್ದು. ನಿಮ್ಮವ್ವ ಅಕ್ಕಿ ಕೇಳುಕ್ ಬಂದಿದ್ರು."

"ಸೊಪ್ಪು ಹೋಯ್ತದೆ ಕಣ್ಲಾ."

ಮುದ್ದಯ್ಯ ಟವೆಲ್ ಹೆಗಲಿಗೆ ಹಾಕಿಕೊಂಡ. "ನಡಿ, ಬತ್ತೀವಿ. ಮುಯ್ಯಿಗಲ್ಲ, ಕೂಲಿಗೆ."

ಗಂಡ ಹೆಂಡತಿ ಬಂದು ಸೊಪ್ಪು ಕಟ್ಟಿದರು. ಕಾಲು ಭಾಗ ಸೊಪ್ಪು ಕಪ್ಪಾಗಿ ಹೋಗಿತ್ತು. ಸಂಜೆ ಚಲುವರಾಜು, ಮುದ್ದಯ್ಯ ಬೇಡವೆನ್ನುತ್ತಾನೆ ಎಂಬ ಧೈರ್ಯದ ಮೇಲೆ ನೂರರ ನೋಟು ಚಾಚಿದ. ಮುದ್ದಯ್ಯ ಸೊಪ್ಪಿನ ಅಂಟು ಮೆತ್ತಿದ ಕೈಯಲ್ಲೇ ಇಸಿದುಕೊಂಡು ಜೇಬಿಗಿಟ್ಟ. ಆರ್ಕುಟ್‌ನಲ್ಲಿ ಚಲುವರಾಜುವಿನ ನಂಬಿಕಸ್ಥತನಕ್ಕೆ ಗೆಳೆಯರು ನೂರಕ್ಕೆ ತೊಂಬತ್ತೆಂಟು ಕೊಟ್ಟಿದ್ದರು. ಆ ಸಂಜೆಯೂ ಅದು ಒಂದಂಕವೂ ಇಳಿಯಲಿಲ್ಲ.

ಮುಂದಿನ ಮಂಗಳವಾರ ಮುದ್ದಯ್ಯನ ಬ್ಯಾರನ್ ಎರಡನೇ ಸಲ ತುಂಬುವ ದಿನ. ಯಾರೂ ಕರೆಯದೆ ಚಲುವರಾಜು ಬೆಳಿಗ್ಗೆ ಆರಕ್ಕೇ ಹೋಗಿ ಕಡ್ಡಿ ಹಿಡಿದು ಕೂತ. ಮಧ್ಯಾಹ್ನ ಊಟಕ್ಕೆ ಏಳುವಾಗ ಮುದ್ದಯ್ಯ ಜೇಬಿನಿಂದ ಅದೇ ಅಂಟು ಹತ್ತಿದ ನೋಟು ತೆಗೆದ.

"ತಗೋ, ನಿನ್ ಕೂಲಿ."

ಚಲುವರಾಜು ಕೈ ಹಿಂದಕ್ಕೆ ಕಟ್ಟಿಕೊಂಡ.

"ಇಸ್ಕೊಳಪ್ಪ," ಎಂದಳು ಯಶೋದಮ್ಮ. "ಈ ನೋಟೊಂದು ಮನೆಯಿಂದ ಆಚೆ ಹೋದ್ರೆ ಮುಂದಿನ್ ಸಲದಿಂದ ಮುಯ್ಯಿ."

ಇಸಿದುಕೊಂಡ. ಬೆರಳಿಗೆ ಅಂಟಿತು. ತಟ್ಟೆ ಬಂದಾಗ ಕೋಳಿಗಳನ್ನು ಅವನೇ ಅಟ್ಟಿದ.